ಪ್ರಾಸ್ಟೇಟ್ ಕ್ಯಾನ್ಸರ್: ಶಸ್ತ್ರಚಿಕಿತ್ಸೆಗೆ ಮುನ್ನ ಕಡಿಮೆ ಪ್ರಮಾಣದ ಹಾರ್ಮೋನು ತಡೆ ಔಷಧಗಳ ಪರೀಕ್ಷೆ

ಪ್ರಾಸ್ಟೇಟ್ ಗ್ರಂಥಿಯ ಆಚೆಗೆ ಹರಡದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ನಿಗದಿಯಾದ ರೋಗಿಗಳಿಗೆ, ಕಾಯುವ ಕೆಲವು ವಾರಗಳ ಅವಧಿಯಲ್ಲಿ ಗಂಡು ಹಾರ್ಮೋನಿನ ಕೆಲಸವನ್ನು ತಡೆಯುವ ಔಷಧವನ್ನು ರೂಢಿಗಿಂತ ಕಡಿಮೆ ಪ್ರಮಾಣದಲ್ಲಿ ಕೊಟ್ಟು, ಅದರ ಪರಿಣಾಮವನ್ನು ರಕ್ತದಲ್ಲೂ ತೆಗೆದ ಗ್ರಂಥಿಯಲ್ಲೂ ಅಳೆಯುವ ಸಂಶೋಧನಾ ಕ್ರಮವಿದು. ಆ ರೋಗಿಯನ್ನು ಗುಣಪಡಿಸುವ ಹೊಣೆ ಶಸ್ತ್ರಚಿಕಿತ್ಸೆಯದು. ಔಷಧದ ಎಷ್ಟು ಕಡಿಮೆ ಪ್ರಮಾಣ ತನ್ನ ಗುರಿಯನ್ನು ಮುಟ್ಟಬಲ್ಲದು ಎಂದು ತಿಳಿಯುವುದಷ್ಟೇ ಪರೀಕ್ಷೆಯ ಉದ್ದೇಶ. ಈಗ ಬಳಕೆಯಲ್ಲಿರುವ ಪ್ರಮಾಣಗಳು ಬಹುಮಟ್ಟಿಗೆ ದೇಹದಲ್ಲಿ ಹರಡಿದ, ಪ್ರಾಣಕ್ಕೆ ಕುತ್ತಾದ ರೋಗಕ್ಕಾಗಿ ಗೊತ್ತಾದವು. ನಿಧಾನವಾಗಿ ಬೆಳೆಯುವ ಆರಂಭಿಕ ರೋಗಕ್ಕೂ ಅಷ್ಟೇ ಬೇಕೇ ಎಂಬ ಪ್ರಶ್ನೆ ಹಳೆಯದು. ಅದನ್ನು ಕೇಳುವ ಈ ವಿಧಾನ ಹೊಸದು.

ಗ್ರಂಥಿ, ಹಾರ್ಮೋನು, ರೋಗ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ, ಅಕ್ರೋಟಿನ ಗಾತ್ರದ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳದ ಮೊದಲ ಭಾಗವನ್ನು ಸುತ್ತುವರಿದು ಕೂತಿರುತ್ತದೆ. ವೀರ್ಯದ ದ್ರವಾಂಶದ ಒಂದು ಪಾಲು ಇಲ್ಲಿ ತಯಾರಾಗುತ್ತದೆ. ಗ್ರಂಥಿಯ ಬೆಳವಣಿಗೆಗೂ ಉಳಿವಿಗೂ ಆಂಡ್ರೊಜನ್ ಎಂಬ ಗಂಡು ಹಾರ್ಮೋನುಗಳು ಬೇಕು. ಇವುಗಳಲ್ಲಿ ಮುಖ್ಯವಾದ ಟೆಸ್ಟೋಸ್ಟೆರಾನ್ ಬಹುಪಾಲು ವೃಷಣಗಳಲ್ಲಿ, ಅಲ್ಪ ಭಾಗ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳಲ್ಲಿ ಹುಟ್ಟುವ ಪೂರ್ವವಸ್ತುಗಳಿಂದ ದೊರೆಯುತ್ತದೆ. ಪ್ರಾಸ್ಟೇಟಿನ ಜೀವಕೋಶದೊಳಗೆ ಟೆಸ್ಟೋಸ್ಟೆರಾನ್ ಇನ್ನೂ ಪ್ರಬಲವಾದ ಡೈಹೈಡ್ರೊಟೆಸ್ಟೋಸ್ಟೆರಾನ್ ಆಗಿ ಬದಲಾಗಿ, ಆಂಡ್ರೊಜನ್ ಗ್ರಾಹಕ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಾಗೆ ಜೊತೆಗೂಡಿದ ಗ್ರಾಹಕವು ಕೋಶಕೇಂದ್ರವನ್ನು ಸೇರಿ, ಬೆಳವಣಿಗೆಗೆ ಬೇಕಾದ ಜೀನುಗಳನ್ನು ಚಾಲೂ ಮಾಡುತ್ತದೆ. ಪಿಎಸ್‌ಎ ಎಂಬ ಪ್ರೋಟೀನಿನ ಜೀನು ಇವುಗಳಲ್ಲಿ ಒಂದು. ರಕ್ತಪರೀಕ್ಷೆಯಲ್ಲಿ ಅಳೆಯುವುದು ಇದೇ ಪ್ರೋಟೀನನ್ನು.

2022ರ ಜಾಗತಿಕ ಅಂದಾಜಿನಂತೆ ಆ ವರ್ಷ ಸುಮಾರು 14.7 ಲಕ್ಷ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 4 ಲಕ್ಷ ಮಂದಿ ಅದರಿಂದ ಸತ್ತರು. ಇವೆರಡರ ನಡುವಿನ ದೊಡ್ಡ ಅಂತರಕ್ಕೆ ಒಂದು ಕಾರಣ ರೋಗದ ನಿಧಾನಗತಿ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ ಪಿಎಸ್‌ಎ ಪರೀಕ್ಷೆಯಿಂದ ಪತ್ತೆಯಾದ, ಗ್ರಂಥಿಗೆ ಸೀಮಿತವಾದ ರೋಗವಿದ್ದ 1,643 ಮಂದಿಯನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪು ಮಾಡಲಾಗಿತ್ತು. 2023ರಲ್ಲಿ ಪ್ರಕಟವಾದ ಹದಿನೈದು ವರ್ಷಗಳ ಫಲಿತಾಂಶದ ಪ್ರಕಾರ, ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ಒಟ್ಟಾರೆ ಶೇ. 2.7 ಮಾತ್ರ, ಮೂರು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಂಥ ರೋಗಕ್ಕೆ ಕೊಡುವ ಔಷಧದಿಂದ ರೋಗಕ್ಕಿಂತ ಹೆಚ್ಚಿನ ಹಾನಿಯಾದರೆ ಅದನ್ನು ಸಮರ್ಥಿಸುವುದು ಕಷ್ಟ. ಕಡಿಮೆ ಪ್ರಮಾಣದ ಹುಡುಕಾಟ ಶುರುವಾಗುವುದು ಇಲ್ಲಿಂದ.

ಹಾರ್ಮೋನು ತಡೆಯ ಇತಿಹಾಸ

ಬೀಜ ಒಡೆದ ಗಂಡು ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಕುಗ್ಗಿರುತ್ತದೆಂದು ಬ್ರಿಟನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 18ನೆಯ ಶತಮಾನದಲ್ಲೇ ಗಮನಿಸಿದ್ದ. ಕ್ಯಾನ್ಸರಿಗೂ ಹಾರ್ಮೋನಿಗೂ ಇರುವ ನಂಟನ್ನು ಖಚಿತಪಡಿಸಿದವರು ಷಿಕಾಗೊ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್. ವೃಷಣ ತೆಗೆದರೂ ಈಸ್ಟ್ರೊಜನ್ ಕೊಟ್ಟರೂ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವದ ಮಟ್ಟ ಇಳಿಯುವುದನ್ನು ಅವರು 1941ರಲ್ಲಿ ತೋರಿಸಿದರು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಶಸ್ತ್ರಕ್ರಿಯೆಗೆ ಬದಲಾಗಿ ಬಂದ ಗುಳಿಗೆ ಡೈಎಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೊಜನ್. ಪ್ರಮಾಣ ತಗ್ಗಿಸುವ ಪ್ರಶ್ನೆ ಈ ಕ್ಷೇತ್ರದಲ್ಲಿ ಮೊದಲು ಎದ್ದದ್ದು ಇದರಿಂದಲೇ. 1960ರ ದಶಕದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಒಟ್ಟಾಗಿ ನಡೆಸಿದ ಅಧ್ಯಯನಗಳಲ್ಲಿ ದಿನಕ್ಕೆ 5 ಮಿ.ಗ್ರಾಂ ಸೇವಿಸಿದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾವು ಹೆಚ್ಚಿತು. ಕ್ಯಾನ್ಸರ್ ತಗ್ಗಿದ ಲಾಭವನ್ನು ಈ ಸಾವುಗಳು ನುಂಗಿಹಾಕಿದವು. ಮುಂದಿನ ಅಧ್ಯಯನದಲ್ಲಿ 0.2, 1 ಮತ್ತು 5 ಮಿ.ಗ್ರಾಂ ಪ್ರಮಾಣಗಳನ್ನು ಹೋಲಿಸಿದರು. 1 ಮಿ.ಗ್ರಾಂ ಕ್ಯಾನ್ಸರನ್ನು 5 ಮಿ.ಗ್ರಾಂನಷ್ಟೇ ಹಿಡಿದಿಟ್ಟಿತು, ಹೃದಯದ ತೊಂದರೆ ಕಡಿಮೆಯಾಯಿತು, 0.2 ಮಿ.ಗ್ರಾಂನಿಂದ ಏನೂ ಪ್ರಯೋಜನವಾಗಲಿಲ್ಲ. ಪ್ರಮಾಣ ಇಳಿಸಬಹುದು, ಆದರೆ ಇಳಿಕೆಗೂ ಒಂದು ತಳವಿದೆ ಎಂಬುದು ಹೀಗೆ ಆಗಲೇ ಗೊತ್ತಾಯಿತು. ಡೊನಾಲ್ಡ್ ಗ್ಲೀಸನ್ ರೂಪಿಸಿದ, ಕ್ಯಾನ್ಸರಿನ ಉಗ್ರತೆಯನ್ನು ಸೂಕ್ಷ್ಮದರ್ಶಕದಡಿ ಅಳೆಯಲು ಇಂದಿಗೂ ಬಳಕೆಯಲ್ಲಿರುವ ಗ್ಲೀಸನ್ ಶ್ರೇಣಿಗೆ ಆಧಾರವಾದದ್ದೂ ಇದೇ ಆಸ್ಪತ್ರೆಗಳ ರೋಗಿಗಳ ಅಂಗಾಂಶ.

ಮಿದುಳಿನ ಹೈಪೊಥಲಾಮಸ್ ಭಾಗದಿಂದ ಹೊರಟು ಪಿಟ್ಯುಟರಿಯ ಮೂಲಕ ವೃಷಣವನ್ನು ಪ್ರಚೋದಿಸುವ ಸಂಕೇತ ಹಾರ್ಮೋನಿನ ರಚನೆಯನ್ನು ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಯೆಮಾನ್ ಅವರ ಪ್ರಯೋಗಾಲಯಗಳು 1970ರ ದಶಕದ ಆರಂಭದಲ್ಲಿ ಬಿಡಿಸಿದವು. 1977ರ ನೊಬೆಲ್‌ನಲ್ಲಿ ಇಬ್ಬರೂ ಪಾಲುದಾರರು. ಈ ಹಾರ್ಮೋನಿನ ಮಾದರಿಯಲ್ಲಿ ತಯಾರಾದ ಲ್ಯೂಪ್ರೊಲೈಡ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 1985ರಲ್ಲಿ ಅನುಮತಿ ಸಿಕ್ಕಿತು.

ಔಷಧಗಳ ಗುಂಪುಗಳು

ಇಂದಿನ ಹಾರ್ಮೋನು ತಡೆ ಔಷಧಗಳನ್ನು ಅವು ಕೈಹಾಕುವ ಹಂತಕ್ಕೆ ತಕ್ಕಂತೆ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯವು ವೃಷಣಕ್ಕೆ ಹೋಗುವ ಸಂಕೇತವನ್ನೇ ನಿಲ್ಲಿಸುವಂಥವು: ಲ್ಯೂಪ್ರೊಲೈಡ್, ಗೋಸರೆಲಿನ್, ಡೆಗರೆಲಿಕ್ಸ್ ಚುಚ್ಚುಮದ್ದುಗಳು ಮತ್ತು 2020ರಲ್ಲಿ ಬಂದ ರೆಲುಗೊಲಿಕ್ಸ್ ಗುಳಿಗೆ. ಇವು ರಕ್ತದ ಟೆಸ್ಟೋಸ್ಟೆರಾನನ್ನು ವೃಷಣ ತೆಗೆದವರ ಮಟ್ಟಕ್ಕೆ ಇಳಿಸುತ್ತವೆ.

ಎರಡನೆಯದು ಹಾರ್ಮೋನಿನ ತಯಾರಿಕೆಗೆ ಬೇಕಾದ ಕಿಣ್ವವನ್ನು ವೃಷಣ, ಅಡ್ರಿನಲ್, ಗಡ್ಡೆ ಈ ಮೂರು ಕಡೆಯೂ ತಡೆಯುವ ಅಬಿರಾಟೆರೋನ್. ಇದನ್ನು ಪ್ರೆಡ್ನಿಸೋನ್ ಜೊತೆಗೆ ಕೊಡುತ್ತಾರೆ.

ಮೂರನೆಯವು ಗ್ರಾಹಕದ ಮೇಲೆಯೇ ಕೂತು ಹಾರ್ಮೋನಿಗೆ ಜಾಗ ಕೊಡದವು. ಫ್ಲುಟಮೈಡ್, ಬೈಕಾಲುಟಮೈಡ್ ಹಳೆಯ ತಲೆಮಾರಿನವು. ಎನ್ಜಾಲುಟಮೈಡ್, ಅಪಾಲುಟಮೈಡ್, ಡಾರೊಲುಟಮೈಡ್ ಹೊಸವು. ಎನ್ಜಾಲುಟಮೈಡ್ ಮತ್ತು ಅಪಾಲುಟಮೈಡ್ ಎರಡೂ ಚಾರ್ಲ್ಸ್ ಸಾಯರ್ಸ್ ಮತ್ತು ಮೈಕೆಲ್ ಜಂಗ್ ಅವರ ಸಂಶೋಧನೆಯಿಂದ ಹುಟ್ಟಿದವು. ಹಳೆಯವಕ್ಕಿಂತ ಇವು ಗ್ರಾಹಕಕ್ಕೆ ಹೆಚ್ಚು ಬಿಗಿಯಾಗಿ ಅಂಟುತ್ತವೆ, ಗ್ರಾಹಕ ಕೋಶಕೇಂದ್ರಕ್ಕೆ ಸಾಗುವುದನ್ನೂ ತಡೆಯುತ್ತವೆ.

ನಾಲ್ಕನೆಯವು ಟೆಸ್ಟೋಸ್ಟೆರಾನ್ ತನ್ನ ಪ್ರಬಲ ರೂಪಕ್ಕೆ ಬದಲಾಗದಂತೆ ನೋಡಿಕೊಳ್ಳುವ ಫಿನಸ್ಟರೈಡ್, ಡುಟಾಸ್ಟರೈಡ್. ಇವು ಮುಖ್ಯವಾಗಿ ವಯಸ್ಸಾದವರ ಸಾಧಾರಣ ಪ್ರಾಸ್ಟೇಟ್ ಊತಕ್ಕೆ ಬಳಕೆಯಾಗುತ್ತವೆ.

ಶಸ್ತ್ರಚಿಕಿತ್ಸೆಗೆ ಮುನ್ನ ಕಡಿಮೆ ಪ್ರಮಾಣದ ಪರೀಕ್ಷೆಗೆ ಮೂರನೆಯ ಗುಂಪು ಹೆಚ್ಚು ಹೊಂದುತ್ತದೆ. ಗುಳಿಗೆಯಾದ್ದರಿಂದ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವುದು ಸುಲಭ, ನಿಲ್ಲಿಸಿದರೆ ಪರಿಣಾಮ ಕ್ರಮೇಣ ಇಳಿಯುತ್ತದೆ. ಜೊತೆಗೆ ಟೆಸ್ಟೋಸ್ಟೆರಾನ್ ರಕ್ತದಲ್ಲಿ ಉಳಿಯುವುದರಿಂದ ಮೂಳೆ ಮತ್ತು ಲೈಂಗಿಕ ಆಸಕ್ತಿಯ ಮೇಲಿನ ಹೊಡೆತ ಚುಚ್ಚುಮದ್ದಿನಷ್ಟು ತೀವ್ರವಲ್ಲ.

ಪ್ರಮಾಣ ಗೊತ್ತುಮಾಡುವ ಕ್ರಮ

ಕ್ಯಾನ್ಸರ್ ಔಷಧಗಳ ಪ್ರಮಾಣ ನಿರ್ಧಾರದ ಪದ್ಧತಿ ಬಂದದ್ದು ಕಿಮೊಥೆರಪಿಯಿಂದ. ಕೆಲವೇ ರೋಗಿಗಳಲ್ಲಿ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಹೋಗಿ, ದೇಹ ತಾಳಬಲ್ಲ ಗರಿಷ್ಠ ಮಟ್ಟವನ್ನೋ ಅದರ ಸಮೀಪದ್ದನ್ನೋ ಮುಂದಿನ ಹಂತಕ್ಕೆ ಆರಿಸುತ್ತಾರೆ. ಕೋಶಗಳನ್ನು ನೇರವಾಗಿ ಕೊಲ್ಲುವ ವಿಷಗಳ ಮಟ್ಟಿಗೆ ಹೆಚ್ಚು ಕೊಟ್ಟಷ್ಟೂ ಹೆಚ್ಚು ಫಲ ಎಂಬ ಊಹೆ ಒಪ್ಪುವಂಥದ್ದು. ಗ್ರಾಹಕದ ಮೇಲೆ ಕೂರುವ ಔಷಧಕ್ಕೆ ಅದು ಒಪ್ಪಬೇಕಾಗಿಲ್ಲ. ಗ್ರಾಹಕಗಳೆಲ್ಲ ಭರ್ತಿಯಾದ ಮೇಲೆ ಹೆಚ್ಚುವರಿ ಔಷಧ ಮಾಡುವ ಕೆಲಸ ಅಲ್ಪ, ತರುವ ತೊಂದರೆ ಹೆಚ್ಚು.

ಎನ್ಜಾಲುಟಮೈಡ್‌ನ ಮೊದಲ ಮಾನವ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 140 ರೋಗಿಗಳಿಗೆ ದಿನಕ್ಕೆ 30ರಿಂದ 600 ಮಿ.ಗ್ರಾಂವರೆಗೆ ಕೊಟ್ಟಾಗ ಎಲ್ಲ ಮಟ್ಟಗಳಲ್ಲೂ ಗಡ್ಡೆಯ ಮೇಲೆ ಪರಿಣಾಮ ಕಂಡಿತು, 150 ಮಿ.ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಕೊನೆಗೆ ಗೊತ್ತಾದದ್ದು 160 ಮಿ.ಗ್ರಾಂ. ಅಪಾಲುಟಮೈಡ್‌ನ ಮೊದಲ ಅಧ್ಯಯನದಲ್ಲಿ 30ರಿಂದ 480 ಮಿ.ಗ್ರಾಂವರೆಗೆ ಪರೀಕ್ಷಿಸಿ 240 ಮಿ.ಗ್ರಾಂ ಆರಿಸಿದರು. ಗ್ರಾಹಕಕ್ಕೆ ಅಂಟುವ ವಿಕಿರಣಶೀಲ ಹಾರ್ಮೋನು ಬಳಸಿ ತೆಗೆದ ಪೆಟ್ ಸ್ಕ್ಯಾನುಗಳಲ್ಲಿ ಅದರ ಅರ್ಧದಷ್ಟು ಪ್ರಮಾಣದಲ್ಲೇ ತಡೆ ತುದಿ ಮುಟ್ಟುತ್ತಿರುವ ಲಕ್ಷಣವಿತ್ತು. ಈ ಎರಡೂ ಅಧ್ಯಯನಗಳ ರೋಗಿಗಳು ಹಿಂದಿನ ಚಿಕಿತ್ಸೆಗೆ ಜಗ್ಗದ, ಮುಂದುವರಿದ ರೋಗವುಳ್ಳವರು. ಅಂಥ ಗಡ್ಡೆಗಳಲ್ಲಿ ಗ್ರಾಹಕಗಳ ಸಂಖ್ಯೆ ಹೆಚ್ಚಿರುವುದೂ ಉಂಟು, ಅವು ಮಾರ್ಪಟ್ಟಿರುವುದೂ ಉಂಟು. ಔಷಧವನ್ನೇ ಕಾಣದ ಆರಂಭಿಕ ಗಡ್ಡೆಗೆ ಇನ್ನೂ ಕಡಿಮೆ ಸಾಕಾದೀತೆಂಬ ತರ್ಕಕ್ಕೆ ಇದೇ ಆಧಾರ.

ಕಡಿಮೆ ಪ್ರಮಾಣ ಸೋತದ್ದೂ ಇದೆ. ಬೈಕಾಲುಟಮೈಡ್ 50 ಮಿ.ಗ್ರಾಂ ಒಂದನ್ನೇ ಕೊಟ್ಟಾಗ, ಹರಡಿದ ರೋಗದಲ್ಲಿ ಅದು ವೃಷಣ ತೆಗೆಯುವುದಕ್ಕೆ ಸಾಟಿಯಾಗಲಿಲ್ಲ. ಒಂಟಿ ಔಷಧವಾಗಿ ಬಳಸಲು 150 ಮಿ.ಗ್ರಾಂಗೆ ಏರಿಸಬೇಕಾಯಿತು. ಇದರ ಹಿಂದೆ ದೇಹದ ಒಂದು ಮರುಹೊಂದಾಣಿಕೆಯಿದೆ. ಗ್ರಾಹಕಗಳನ್ನು ತಡೆದಾಗ ಹಾರ್ಮೋನು ಸಾಲುತ್ತಿಲ್ಲವೆಂದು ಪಿಟ್ಯುಟರಿ ತಿಳಿದು ವೃಷಣವನ್ನು ಇನ್ನಷ್ಟು ಪ್ರಚೋದಿಸುತ್ತದೆ. ಟೆಸ್ಟೋಸ್ಟೆರಾನ್ ಏರಿ ಅದೇ ಗ್ರಾಹಕಕ್ಕಾಗಿ ಔಷಧದೊಡನೆ ಪೈಪೋಟಿಗೆ ನಿಲ್ಲುತ್ತದೆ. ಅದರ ಒಂದು ಭಾಗ ಈಸ್ಟ್ರೊಜನ್ ಆಗಿ ಬದಲಾಗಿ ಎದೆ ಊದಿಕೊಳ್ಳುವುದಕ್ಕೂ ಕಾರಣವಾಗುತ್ತದೆ. ಕಡಿಮೆ ಪ್ರಮಾಣದ ಔಷಧ ಈ ಪೈಪೋಟಿಯಲ್ಲಿ ಗೆಲ್ಲುವುದೇ ಎಂಬುದನ್ನು ಲೆಕ್ಕಹಾಕಿ ಹೇಳಲಾಗದು, ಪರೀಕ್ಷಿಸಿಯೇ ನೋಡಬೇಕು.

ಅಬಿರಾಟೆರೋನ್‌ನದು ಇನ್ನೊಂದು ಬಗೆ. ಖಾಲಿ ಹೊಟ್ಟೆಯಲ್ಲಿ 1,000 ಮಿ.ಗ್ರಾಂ ಇದರ ಅಧಿಕೃತ ಪ್ರಮಾಣ. ಊಟದೊಡನೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಅಂಶ ಹಲವು ಪಟ್ಟು ಹೆಚ್ಚುತ್ತದೆ. 72 ರೋಗಿಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ಕೊಬ್ಬಿನ ತಿಂಡಿಯೊಡನೆ 250 ಮಿ.ಗ್ರಾಂ ತೆಗೆದುಕೊಂಡವರ ಪಿಎಸ್‌ಎ ಇಳಿಕೆ ಪೂರ್ಣ ಪ್ರಮಾಣದವರಿಗಿಂತ ಕಡಿಮೆಯಾಗಿರಲಿಲ್ಲ. ಇಲ್ಲಿ ಇಳಿದದ್ದು ನುಂಗುವ ಪ್ರಮಾಣ. ದೇಹಕ್ಕೆ ದಕ್ಕುವ ಪ್ರಮಾಣ ಅದೇ ಅನುಪಾತದಲ್ಲಿ ಇಳಿಯಲಿಲ್ಲ. ಗ್ರಾಹಕ ತಡೆ ಔಷಧಗಳಲ್ಲಿ ಹುಡುಕುತ್ತಿರುವುದು ನಿಜವಾಗಿಯೂ ಕಡಿಮೆ ದಕ್ಕುವಿಕೆಯನ್ನು. ಎರಡನ್ನೂ ಒಂದೇ ಎಂದು ಎಣಿಸಬಾರದು.

ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ 2021ರಲ್ಲಿ ಆರಂಭಿಸಿದ ಪ್ರಾಜೆಕ್ಟ್ ಆಪ್ಟಿಮಸ್, ಗರಿಷ್ಠ ಪ್ರಮಾಣದ ಬದಲು ಸೂಕ್ತ ಪ್ರಮಾಣವನ್ನು ಅನುಮತಿಗೆ ಮುನ್ನವೇ ಹುಡುಕುವಂತೆ ಕಂಪನಿಗಳನ್ನು ಒತ್ತಾಯಿಸುತ್ತಿದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಪೂರ್ಣ ಪ್ರಮಾಣ: ಹಿಂದಿನ ಅನುಭವ

ಶಸ್ತ್ರಚಿಕಿತ್ಸೆಗೆ ಮುನ್ನ ಹಾರ್ಮೋನು ತಡೆ ಕೊಟ್ಟು ಗಡ್ಡೆಯನ್ನು ಕುಗ್ಗಿಸುವ ಪ್ರಯತ್ನ 1990ರ ದಶಕದಲ್ಲಿ ಬಿರುಸಾಗಿ ನಡೆಯಿತು. ಅಮೆರಿಕದ ಒಂದು ಅಧ್ಯಯನದಲ್ಲಿ ಮೂರು ತಿಂಗಳು ಲ್ಯೂಪ್ರೊಲೈಡ್ ಮತ್ತು ಫ್ಲುಟಮೈಡ್ ಪಡೆದವರಲ್ಲಿ, ತೆಗೆದ ಗ್ರಂಥಿಯ ಅಂಚಿನಲ್ಲಿ ಕ್ಯಾನ್ಸರ್ ಉಳಿದದ್ದು ಶೇ. 18ರಷ್ಟು ಮಂದಿಯಲ್ಲಿ. ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋದವರಲ್ಲಿ ಈ ಪ್ರಮಾಣ ಶೇ. 48. 1995ರಲ್ಲಿ ಹೊರಬಂದ ಈ ಅಂಕಿ ಭಾರಿ ಭರವಸೆ ಹುಟ್ಟಿಸಿತು. ಐದು ವರ್ಷಗಳ ನಂತರದ ಲೆಕ್ಕ 2002ರಲ್ಲಿ ಬಂದಾಗ, ಪಿಎಸ್‌ಎ ಮತ್ತೆ ಏರದೆ ಉಳಿದವರು ಔಷಧ ಪಡೆದವರಲ್ಲಿ ಶೇ. 64.8, ಪಡೆಯದವರಲ್ಲಿ ಶೇ. 67.6. ಎರಡು ಗುಂಪುಗಳ ನಡುವೆ ಅರ್ಥಪೂರ್ಣ ವ್ಯತ್ಯಾಸವಿರಲಿಲ್ಲ.

ಈ ಹೊಂದದ ಲೆಕ್ಕಕ್ಕೆ ಒಂದು ಕಾರಣ ಸೂಕ್ಷ್ಮದರ್ಶಕದಡಿ ಕಾಣುವಂಥದ್ದು. ಹಾರ್ಮೋನು ತಪ್ಪಿದ ಕ್ಯಾನ್ಸರ್ ಕೋಶಗಳ ಕೇಂದ್ರ ಮುದುಡುತ್ತದೆ, ಕೋಶರಸದಲ್ಲಿ ಗುಳ್ಳೆಗಳು ಕಾಣುತ್ತವೆ, ಗ್ರಂಥಿಯ ವಿನ್ಯಾಸ ಅಳಿಸಿಹೋಗುತ್ತದೆ. ಅಂಚಿನಲ್ಲಿ ಚದುರಿ ಉಳಿದ ಕೋಶಗಳು ರೋಗವಿಜ್ಞಾನಿಯ ಕಣ್ಣು ತಪ್ಪಿಸಬಹುದು. ಗ್ಲೀಸನ್ ಶ್ರೇಣಿಯೂ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ. ಗ್ರಂಥಿಯ ಸುತ್ತ ಅಂಗಾಂಶ ಗಟ್ಟಿಯಾಗಿ ಬಿಡಿಸುವುದು ಕಷ್ಟವಾಗುತ್ತದೆಂದು ಶಸ್ತ್ರವೈದ್ಯರೂ ದೂರಿದರು. ಮಾಮೂಲಿ ರೋಗಿಗಳಲ್ಲಿ ಈ ಪದ್ಧತಿ ನಿಂತುಹೋಯಿತು.

ಹೊಸ ಔಷಧಗಳು ಬಂದ ಮೇಲೆ ಅಪಾಯದ ಮಟ್ಟ ಹೆಚ್ಚಿರುವ ರೋಗಿಗಳಲ್ಲಿ ಪ್ರಯತ್ನ ಮತ್ತೆ ಶುರುವಾಗಿದೆ. ಬೆಲ್ಜಿಯಮ್ಮಿನ ಆರ್ನಿಯೊ ಅಧ್ಯಯನದಲ್ಲಿ 89 ರೋಗಿಗಳಿಗೆ ಮೂರು ತಿಂಗಳು ಡೆಗರೆಲಿಕ್ಸ್ ಜೊತೆಗೆ ಅಪಾಲುಟಮೈಡ್ ಅಥವಾ ತೋರಿಕೆಯ ಗುಳಿಗೆ ಕೊಟ್ಟಿದ್ದರು. ಅಪಾಲುಟಮೈಡ್ ಪಡೆದವರಲ್ಲಿ ಗ್ರಂಥಿಯೊಳಗೆ ಅತ್ಯಲ್ಪ ಕ್ಯಾನ್ಸರ್ ಮಾತ್ರ ಉಳಿದವರ ಪಾಲು ಗಣನೀಯವಾಗಿ ಹೆಚ್ಚಿತ್ತು. ಪ್ರೊಟಿಯಸ್ ಎಂಬ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ಶಸ್ತ್ರಚಿಕಿತ್ಸೆಯ ಹಿಂದೆಯೂ ಮುಂದೆಯೂ ತಲಾ ಆರು ತಿಂಗಳ ಚಿಕಿತ್ಸೆಯನ್ನು ಪರೀಕ್ಷಿಸಲು ರೂಪುಗೊಂಡಿತು. ಇವೆಲ್ಲ ಗಡ್ಡೆಯನ್ನು ಸೋಲಿಸಲು ಹೊರಟ ಪೂರ್ಣ ಪ್ರಮಾಣದ ಚಿಕಿತ್ಸೆಗಳು. ಕಡಿಮೆ ಪ್ರಮಾಣದ ಪರೀಕ್ಷೆಗಳ ಜಾತಿಯೇ ಬೇರೆ.

ಸ್ತನ ಕ್ಯಾನ್ಸರಿನ ಮಾದರಿ

ಕಡಿಮೆ ಪ್ರಮಾಣದ ಪರೀಕ್ಷೆಗೆ ಹತ್ತಿರದ ಮಾದರಿ ಸ್ತನ ಕ್ಯಾನ್ಸರಿನ ಟಮಾಕ್ಸಿಫೆನ್. ಮಿಲಾನಿನ ಯುರೋಪಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಂಕಾಲಜಿಯಲ್ಲಿ ಆಂಡ್ರಿಯಾ ಡಿಚೆನ್ಸಿ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ 120 ಮಹಿಳೆಯರಿಗೆ ನಾಲ್ಕು ವಾರ ದಿನಕ್ಕೆ 1, 5 ಅಥವಾ 20 ಮಿ.ಗ್ರಾಂ ಟಮಾಕ್ಸಿಫೆನ್ ಕೊಟ್ಟರು. ಕೋಶಗಳು ವಿಭಜನೆಯಾಗುವ ವೇಗ ತೋರಿಸುವ ಕೆಐ-67 ಸೂಚಿ ಮೂರು ಪ್ರಮಾಣಗಳಲ್ಲೂ ಹೆಚ್ಚುಕಡಿಮೆ ಸಮನಾಗಿ ಇಳಿಯಿತು. 2003ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಅದು ಯಾರ ಚಿಕಿತ್ಸೆಯನ್ನೂ ಬದಲಿಸಲಿಲ್ಲ, ಬದಲಿಸಬೇಕಾಗಿಯೂ ಇರಲಿಲ್ಲ. ಅದನ್ನು ಆಧರಿಸಿ, ಕ್ಯಾನ್ಸರಿಗೆ ಮುಂಚಿನ ಹಂತದ ಗಾಯಗಳಿದ್ದ 500 ಮಹಿಳೆಯರಲ್ಲಿ ಮೂರು ವರ್ಷ 5 ಮಿ.ಗ್ರಾಂ ಕೊಟ್ಟು ನೋಡುವ ಇನ್ನೊಂದು ಅಧ್ಯಯನ ನಡೆಯಿತು. ರೋಗ ಮರಳುವ ಸಂಭವ ಸುಮಾರು ಅರ್ಧಕ್ಕಿಳಿಯಿತೆಂದು, ಅಡ್ಡಪರಿಣಾಮ ಅಲ್ಪವೆಂದು 2019ರಲ್ಲಿ ವರದಿಯಾಯಿತು. ನಾಲ್ಕು ವಾರಗಳ ಸೂಚನೆ ಒಂದು ನಿಜವಾದ ಚಿಕಿತ್ಸೆಯಾಗಿ ನೆಲೆಗೊಳ್ಳಲು ಹದಿನಾರು ವರ್ಷ ಹಿಡಿಯಿತು. ಪ್ರಾಸ್ಟೇಟಿನ ಕಡಿಮೆ ಪ್ರಮಾಣದ ಪರೀಕ್ಷೆಗಳು ಈ ದಾರಿಯ ಮೊದಲ ಹೆಜ್ಜೆಯಲ್ಲಿವೆ.

ಪರೀಕ್ಷೆಯ ವಿನ್ಯಾಸ

ಬಯಾಪ್ಸಿಯಿಂದ ಆದ ಗಾಯ ಮಾಯಲೆಂದು ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಆರೆಂಟು ವಾರ ಮುಂದಕ್ಕೆ ಇಡುತ್ತಾರೆ. ಸಂಶೋಧನೆಗೆ ಒದಗುವ ಅವಕಾಶ ಈ ಬಿಡುವು. ಔಷಧಕ್ಕೆ ಮುಂಚಿನ ಅಂಗಾಂಶ ಬಯಾಪ್ಸಿಯಲ್ಲಿ ಸಿಕ್ಕಿರುತ್ತದೆ; ನಂತರದ್ದು ತೆಗೆದ ಗ್ರಂಥಿಯಲ್ಲಿ ಸಿಗುತ್ತದೆ. ಹೆಚ್ಚುವರಿ ಸೂಜಿಯೂ ಬೇಡ, ಹೆಚ್ಚುವರಿ ಕೊಯ್ತವೂ ಬೇಡ. ಅಪಾಲುಟಮೈಡ್, ಎನ್ಜಾಲುಟಮೈಡ್ ಎರಡೂ ದೇಹದಲ್ಲಿ ದಿನಗಟ್ಟಲೆ ಉಳಿಯುವ ಔಷಧಗಳು. ದಿನವೂ ತೆಗೆದುಕೊಂಡರೆ ರಕ್ತದ ಮಟ್ಟ ಸ್ಥಿರಗೊಳ್ಳಲು ಸುಮಾರು ನಾಲ್ಕು ವಾರ ಬೇಕು. ಕಾಯುವ ಅವಧಿಗೆ ಇದು ಸರಿಹೊಂದುತ್ತದೆ. ಹೀಗೆ ನಿಧಾನವಾಗಿ ಇಳಿಯುವ ಔಷಧವನ್ನು ದಿನ ಬಿಟ್ಟು ದಿನ, ಇಲ್ಲವೇ ವಾರಕ್ಕೊಮ್ಮೆ ಕೊಡುವ ಸಾಧ್ಯತೆಯೂ ಉಂಟು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಶ್ರಯದಲ್ಲಿ ಪ್ರಾಸ್ಟೇಟ್ ತೆಗೆಯುವ ಶಸ್ತ್ರಚಿಕಿತ್ಸೆಗೆ ಮುನ್ನ ಕಡಿಮೆ ಪ್ರಮಾಣದ ಅಪಾಲುಟಮೈಡ್ ಪರೀಕ್ಷಿಸುವ 2ಎ ಹಂತದ ಅಧ್ಯಯನ ರೂಪುಗೊಂಡದ್ದು ಈ ಬಗೆಯಲ್ಲಿ. ಇಂಥ ಅಧ್ಯಯನಗಳಲ್ಲಿ ಕಿಮೊಥೆರಪಿಯ ಮೆಟ್ಟಿಲನ್ನು ತಿರುವುಮುರುವು ಮಾಡುತ್ತಾರೆ. ಫಲ ಕೊಡುವುದೆಂದು ಗೊತ್ತಿರುವ ಪ್ರಮಾಣದಿಂದ ಹೊರಟು, ಪರಿಣಾಮ ಕಂಡರೆ ಮುಂದಿನ ರೋಗಿಗಳಿಗೆ ಒಂದು ಮೆಟ್ಟಿಲು ಇಳಿಸುತ್ತಾರೆ, ಕಾಣದಿದ್ದರೆ ಏರಿಸುತ್ತಾರೆ. ಪರಿಣಾಮ ಕಂಡಿತೆಂದು ಹೇಳಲು ಪಿಎಸ್‌ಎ ಇಂತಿಷ್ಟು ಶೇಕಡಾ ಇಳಿಯಬೇಕೆಂಬ ಅಳತೆಗೋಲನ್ನು ಮೊದಲೇ ಬರೆದಿಡುತ್ತಾರೆ. ಬಹುಪಾಲು ಜನರಲ್ಲಿ ಆ ಗೆರೆಯನ್ನು ಮುಟ್ಟುವ ಅತಿ ಕಡಿಮೆ ಪ್ರಮಾಣ ಯಾವುದೆಂದು ಸಂಖ್ಯಾಶಾಸ್ತ್ರದ ಮೂಲಕ ಅಂದಾಜಿಸುತ್ತಾರೆ. ಕೆಲವು ಡಜನ್ ರೋಗಿಗಳು ಸಾಕಾಗುವುದು ಈ ವಿನ್ಯಾಸದ ಅನುಕೂಲ.

ಅಳತೆಗಳು

ರಕ್ತದ ಪಿಎಸ್‌ಎ ಅಗ್ಗ, ಸುಲಭ, ಮತ್ತೆ ಮತ್ತೆ ನೋಡಬಹುದು. ಆದರೆ ಪಿಎಸ್‌ಎ ಜೀನನ್ನು ನಡೆಸುವುದೇ ಆಂಡ್ರೊಜನ್ ಗ್ರಾಹಕ. ಗ್ರಾಹಕ ತಡೆದರೆ ಕೋಶ ಸಾಯದೆಯೂ ಪಿಎಸ್‌ಎ ಇಳಿಯುತ್ತದೆ. ಆದ್ದರಿಂದ ಅದು ಔಷಧ ಗುರಿ ಮುಟ್ಟಿತೆಂಬುದಕ್ಕೆ ಒಳ್ಳೆಯ ಸಾಕ್ಷಿ, ಕ್ಯಾನ್ಸರ್ ತಗ್ಗಿತೆಂಬುದಕ್ಕೆ ದುರ್ಬಲ ಸಾಕ್ಷಿ.

ಟೆಸ್ಟೋಸ್ಟೆರಾನ್ ಮತ್ತು ಪಿಟ್ಯುಟರಿ ಹಾರ್ಮೋನುಗಳ ಏರಿಕೆ ಎರಡನೆಯ ಅಳತೆ. ಈ ಏರಿಕೆ ಮಿದುಳಿನ ಮಟ್ಟದಲ್ಲಿ ಗ್ರಾಹಕಗಳು ಎಷ್ಟು ತಡೆಯಲ್ಪಟ್ಟಿವೆ ಎಂಬುದನ್ನು ಹೇಳುತ್ತದೆ. ಪಿಎಸ್‌ಎ ಇಳಿಸಿಯೂ ಟೆಸ್ಟೋಸ್ಟೆರಾನನ್ನು ಅಷ್ಟಾಗಿ ಏರಿಸದ ಪ್ರಮಾಣ ಸಿಕ್ಕರೆ ಎದೆ ಊತದಂಥ ತೊಂದರೆ ತಗ್ಗಬಹುದು.

ಮೂರನೆಯದು ಅಂಗಾಂಶದ ಅಳತೆಗಳು: ವಿಭಜನೆ ತೋರುವ ಕೆಐ-67, ಕೋಶಗಳ ಸಾವಿನ ಗುರುತುಗಳು, ಗ್ರಾಹಕ ನಡೆಸುವ ಜೀನುಗಳ ಚಟುವಟಿಕೆ, ಗ್ರಂಥಿಯೊಳಗೆ ಸೇರಿದ ಔಷಧದ ಮಟ್ಟ. ಇವು ಹೆಚ್ಚು ನೇರವಾದರೂ ತೊಡಕಿನವು. ಆರಂಭಿಕ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ವಿಭಜನೆಯಾಗುತ್ತಿರುವ ಕೋಶಗಳು ಮೊದಲೇ ವಿರಳ. ಇನ್ನೂ ವಿರಳವಾದವೆಂದು ತೋರಿಸುವುದು ಕಷ್ಟ. ಕ್ಯಾನ್ಸರ್ ಗ್ರಂಥಿಯ ಹಲವು ಕಡೆ ಬಿಡಿಬಿಡಿಯಾಗಿ ಇರುವುದರಿಂದ ಸೂಜಿಗೆ ಸಿಕ್ಕ ಚೂರು ಮತ್ತು ಕೊನೆಯಲ್ಲಿ ಪರೀಕ್ಷಿಸಿದ ಭಾಗ ಒಂದೇ ಗಡ್ಡೆಯವೆಂಬ ಖಾತ್ರಿಯೂ ಇರುವುದಿಲ್ಲ.

ಅಡ್ಡಪರಿಣಾಮ, ಒಪ್ಪಿಗೆ, ಎಚ್ಚರ

ಪೂರ್ಣ ಪ್ರಮಾಣದ ತೊಂದರೆಗಳು ಚೆನ್ನಾಗಿ ದಾಖಲಾಗಿವೆ. ಅಪಾಲುಟಮೈಡ್‌ನ ಸ್ಪಾರ್ಟನ್ ಅಧ್ಯಯನದಲ್ಲಿ 1,207 ರೋಗಿಗಳಿದ್ದರು. ಚರ್ಮದ ಗಂದೆ ಔಷಧ ಪಡೆದವರಲ್ಲಿ ಶೇ. 23.8, ಪಡೆಯದವರಲ್ಲಿ ಶೇ. 5.5, ಮೂಳೆ ಮುರಿತ ಶೇ. 11.7 ಮತ್ತು ಶೇ. 6.5, ಥೈರಾಯ್ಡ್ ಕುಂದಿದ್ದು ಶೇ. 8.1 ಮತ್ತು ಶೇ. 2. ಅಪರೂಪಕ್ಕೆ ಫಿಟ್ಸ್ ಬರುವುದೂ ಉಂಟು. ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ಇದು ರಕ್ತ ತಿಳಿಯಾಗಿಸುವ ಮಾತ್ರೆಗಳೂ ಸೇರಿದಂತೆ ಬೇರೆ ಹಲವು ಔಷಧಗಳ ಬಲವನ್ನು ಕುಗ್ಗಿಸುತ್ತದೆ. ಅರವತ್ತು ದಾಟಿದ, ರಕ್ತದೊತ್ತಡಕ್ಕೋ ಹೃದಯಕ್ಕೋ ಮಾತ್ರೆ ನುಂಗುತ್ತಿರುವ ಗಂಡಸರಲ್ಲಿ ಇದು ಸಣ್ಣ ಮಾತಲ್ಲ.

ಪರೀಕ್ಷೆಗೆ ಒಪ್ಪುವವರಿಗೆ ಇದರಿಂದ ನೇರ ಲಾಭ ಸಿಗುವ ಸಂಭವ ತೀರ ಕಡಿಮೆ. ಇದನ್ನು ಒಪ್ಪಿಗೆ ಪತ್ರದಲ್ಲಿ ಮರೆಮಾಚದೆ ಹೇಳಬೇಕಾಗುತ್ತದೆ. ಔಷಧದ ಕಾರಣಕ್ಕೆ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಬಾರದು. ಅಂಗಾಂಶ ನೋಡುವ ರೋಗವಿಜ್ಞಾನಿಗೆ ರೋಗಿ ಔಷಧ ಪಡೆದಿದ್ದನೆಂಬುದು ತಿಳಿದಿರಬೇಕು; ಇಲ್ಲದಿದ್ದರೆ ಬದಲಾದ ಕೋಶಗಳನ್ನು ನೋಡಿ ಶ್ರೇಣಿಯನ್ನು ತಪ್ಪಾಗಿ ನಮೂದಿಸುವ ಅಪಾಯವಿದೆ.

ಆರಂಭಿಕ ರೋಗದಲ್ಲಿ ಔಷಧದ ಸ್ಥಾನ

ಸೂಕ್ತವಾದ ಕಡಿಮೆ ಪ್ರಮಾಣ ಸಿಕ್ಕರೆ ಅದರ ಬಳಕೆ ಶಸ್ತ್ರಚಿಕಿತ್ಸೆಗೆ ಹೋಗುವವರಲ್ಲಲ್ಲ, ಶಸ್ತ್ರಚಿಕಿತ್ಸೆ ಬೇಡವೆಂದು ನಿಗಾದಲ್ಲಿರುವವರಲ್ಲಿ. ಅವರ ರೋಗ ಮುಂದುವರಿಯದಂತೆ ತಡೆಯುವುದು ಅಂತಿಮ ಗುರಿ. ಪೂರ್ಣ ಪ್ರಮಾಣದಲ್ಲಿ ಇದು ಸಾಧ್ಯವೆಂಬ ಸುಳಿವು ಎನಾಕ್ಟ್ ಅಧ್ಯಯನದಲ್ಲಿ ದೊರೆತಿದೆ. ನಿಗಾದಲ್ಲಿದ್ದ 227 ಮಂದಿಯಲ್ಲಿ ಒಂದು ಗುಂಪಿಗೆ ವರ್ಷವಿಡೀ 160 ಮಿ.ಗ್ರಾಂ ಎನ್ಜಾಲುಟಮೈಡ್ ಕೊಟ್ಟಾಗ ರೋಗ ಮುಂದುವರಿಯುವ ಅಪಾಯ ಶೇ. 46ರಷ್ಟು ತಗ್ಗಿತೆಂದು 2022ರಲ್ಲಿ ಪ್ರಕಟವಾಯಿತು. ಅದಕ್ಕೆ ತೆತ್ತ ಬೆಲೆ: ಅರ್ಧಕ್ಕಿಂತ ಹೆಚ್ಚು ಮಂದಿಗೆ ಸುಸ್ತು, ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿಗೆ ಎದೆ ಊತ. ಯಾವ ಲಕ್ಷಣವೂ ಇಲ್ಲದೆ ಓಡಾಡಿಕೊಂಡಿದ್ದವರಿಗೆ ಇದು ದುಬಾರಿ.

ಎಚ್ಚರಿಕೆಯ ಉದಾಹರಣೆಗಳೂ ಇವೆ. 8,113 ರೋಗಿಗಳ ಬೈಕಾಲುಟಮೈಡ್ 150 ಮಿ.ಗ್ರಾಂ ಕಾರ್ಯಕ್ರಮದಲ್ಲಿ, ಗ್ರಂಥಿಗೆ ಸೀಮಿತ ರೋಗವಿದ್ದು ಬೇರೆ ಚಿಕಿತ್ಸೆ ಪಡೆಯದಿದ್ದವರ ಬದುಕು ಔಷಧದಿಂದ ಕಿರಿದಾಗುವ ಒಲವು ಕಂಡಿತು. ಅಂಥವರಿಗೆ ಅದನ್ನು ಕೊಡಬಾರದೆಂದು ನಿಯಂತ್ರಕರು ಸೂಚಿಸಿದರು. ಫಿನಸ್ಟರೈಡ್‌ನ 18,882 ಗಂಡಸರ ಅಧ್ಯಯನದಲ್ಲಿ ಕ್ಯಾನ್ಸರ್ ಪತ್ತೆ ಸುಮಾರು ಕಾಲುಭಾಗ ತಗ್ಗಿದರೂ ಉಗ್ರ ಶ್ರೇಣಿಯವು ತುಸು ಹೆಚ್ಚಿಗೆ ಕಂಡವು. ಸಾವಿನ ಪ್ರಮಾಣ ಹೆಚ್ಚಿಲ್ಲವೆಂದು ವರ್ಷಗಳ ನಂತರ ಸ್ಪಷ್ಟವಾಯಿತು. ಅಷ್ಟರಲ್ಲಿ ತಡೆಗಟ್ಟುವಿಕೆಗಾಗಿ ಆ ಔಷಧ ಬಳಸುವ ಉತ್ಸಾಹ ಇಳಿದಿತ್ತು.

ಭಾರತದ ಸಂದರ್ಭ

ಭಾರತದಲ್ಲಿ ಪಿಎಸ್‌ಎ ಆಧಾರಿತ ಸಾಮೂಹಿಕ ತಪಾಸಣೆ ಇಲ್ಲ. ಬೆನ್ನುನೋವು, ಮೂಳೆನೋವೆಂದು ಬಂದಾಗಲೇ, ಅಂದರೆ ರೋಗ ಹರಡಿದ ಮೇಲೆ ಪತ್ತೆಯಾಗುವವರ ಪಾಲು ದೊಡ್ಡದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ 1980ರ ದಶಕದ ಆರಂಭದಿಂದ ನಡೆಯುತ್ತಿದ್ದು, ದೇಶದ ಹಳೆಯ ನೋಂದಣಿಗಳಲ್ಲಿ ಒಂದು. ನಗರಗಳ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚುತ್ತಿರುವುದು ಇಂಥ ನೋಂದಣಿಗಳಿಂದಲೇ ತಿಳಿದುಬಂದದ್ದು. ಹರಡಿದ ರೋಗಕ್ಕೆ ವೃಷಣ ತೆಗೆಯುವ ಶಸ್ತ್ರಕ್ರಿಯೆ ಇಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಒಂದೇ ಸಲಕ್ಕೆ ಮುಗಿಯುತ್ತದೆ, ತಿಂಗಳು ತಿಂಗಳು ಚುಚ್ಚುಮದ್ದಿನ ಖರ್ಚಿಲ್ಲ ಎಂಬುದು ಇದಕ್ಕೆ ಕಾರಣ.

ಇಲ್ಲಿ ಪ್ರಮಾಣ ತಗ್ಗಿಸುವ ಸಂಶೋಧನೆಗೆ ಮುಖ್ಯ ಪ್ರೇರಣೆ ಬೆಲೆ. ಮುಂಬೈಯ ಟಾಟಾ ಸ್ಮಾರಕ ಕೇಂದ್ರದಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಕೇವಲ 20 ಮಿ.ಗ್ರಾಂ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಸೇರಿಸಿ, ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿದ್ದನ್ನು ತೋರಿಸಿದ್ದು ಪ್ರಸಿದ್ಧ ಉದಾಹರಣೆ. ತಿಂಡಿಯೊಡನೆ 250 ಮಿ.ಗ್ರಾಂ ಅಬಿರಾಟೆರೋನ್ ಕೊಡುವುದೂ ಇದೇ ಕಾರಣಕ್ಕೆ ಆಕರ್ಷಕವಾಗಿದೆ. ಆರಂಭಿಕ ರೋಗದಲ್ಲಿ ಪ್ರಮಾಣ ತಗ್ಗಿಸುವ ಉದ್ದೇಶ ಬೇರೆ: ಅಲ್ಲಿ ಉಳಿಸಬೇಕಾದದ್ದು ಹಣಕ್ಕಿಂತ ಮೊದಲು ರೋಗಿಯ ದಿನನಿತ್ಯದ ಆರೋಗ್ಯ. ಭಾರತದಲ್ಲಿ ಔಷಧ ಪರೀಕ್ಷೆಗಳು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷಾ ನಿಯಮಗಳಿಗೆ ಒಳಪಟ್ಟಿವೆ. ನೈತಿಕ ಸಮಿತಿಯ ಒಪ್ಪಿಗೆ ಮತ್ತು ಕ್ಲಿನಿಕಲ್ ಪರೀಕ್ಷೆಗಳ ರಾಷ್ಟ್ರೀಯ ನೋಂದಣಿ ಕಡ್ಡಾಯ.

ಇತಿಮಿತಿಗಳು

ಈ ಪರೀಕ್ಷೆಗಳು ಉತ್ತರಿಸಬಲ್ಲ ಪ್ರಶ್ನೆ ಚಿಕ್ಕದು: ಇಷ್ಟು ಕಡಿಮೆ ಔಷಧ ಕೆಲವು ವಾರಗಳಲ್ಲಿ ಗ್ರಾಹಕವನ್ನು ತಡೆಯುವುದೇ? ವರ್ಷಗಟ್ಟಲೆ ತಡೆ ಉಳಿಯುವುದೇ, ಅರೆಬರೆ ತಡೆಯಿಂದ ಔಷಧಕ್ಕೆ ಬಗ್ಗದ ಕೋಶಗಳು ಮೇಲುಗೈ ಪಡೆಯುವವೇ, ರೋಗಿ ಹೆಚ್ಚು ಕಾಲ ಅಥವಾ ಹೆಚ್ಚು ಸುಖವಾಗಿ ಬದುಕುವನೇ ಎಂಬುದಕ್ಕೆ ಸಾವಿರಾರು ಜನರ, ದಶಕಗಳ ಅಧ್ಯಯನವೇ ಬೇಕು. ಅಂಚು ಶುದ್ಧವಾಗಿಯೂ ರೋಗ ಮರಳಿದ 1990ರ ದಶಕದ ಅನುಭವ, ಕಡಿಮೆ ಪ್ರಮಾಣ ಸಾಲದೆಹೋದ ಬೈಕಾಲುಟಮೈಡ್ 50 ಮಿ.ಗ್ರಾಂನ ಅನುಭವ, ಒಂದನ್ನು ಇನ್ನೊಂದರಿಂದ ಊಹಿಸಬಾರದೆಂದು ಕಲಿಸಿವೆ. ಆದರೂ ಮುಂದಿನ ದೊಡ್ಡ ಅಧ್ಯಯನ ಯಾವ ಪ್ರಮಾಣದಿಂದ ಶುರುವಾಗಬೇಕೆಂಬುದನ್ನು ಅಂದಾಜಿನ ಬದಲು ಅಳತೆಯಿಂದ ಹೇಳಬಲ್ಲದ್ದು ಈ ಸಣ್ಣ ಪರೀಕ್ಷೆ ಮಾತ್ರ. ಆ ದೊಡ್ಡ ಅಧ್ಯಯನದ ಫಲಿತಾಂಶ ಬರುವವರೆಗೆ ಆರಂಭಿಕ ಪ್ರಾಸ್ಟೇಟ್ ಕ್ಯಾನ್ಸರಿಗೆ ಕಡಿಮೆ ಪ್ರಮಾಣದ ಹಾರ್ಮೋನು ತಡೆ ಔಷಧ ಸಂಶೋಧನೆಯ ವಸ್ತು. ಪರೀಕ್ಷೆಯ ಚೌಕಟ್ಟಿನ ಹೊರಗೆ ರೋಗಿಗಳು ತಾವಾಗಿ ಪ್ರಮಾಣ ತಗ್ಗಿಸಿಕೊಳ್ಳಲು ಅದು ಆಧಾರವಾಗದು.